ನಾಲ್ಕು ಬೆರಳಿನ ಅಂಬಿಗ

ನಮ್ಮ ಸೋದರಮಾವನ ಹೆಸರು ಹೇಳಲು ಬಾಯಿ ತೆರೆಯಬೇಕಾಗಿಲ್ಲ. ಬಲಗೈ ಎತ್ತಿ, ಅಂಗೈಯನ್ನು ಎದುರಿನವರಿಗೆ ತೋರಿಸಿ, ಕಿರುಬೆರಳೊಂದನ್ನು ಮಡಚಿದರೆ ಸಾಕು. ಕಿವಿ ಕೇಳಿಸದವರ ಬಳಗದಲ್ಲಿ ಎಲ್ಲರಿಗೂ ಹೀಗೊಂದು ಕೈಹೆಸರು ಇರುತ್ತದೆ. ಮಾವನ ಮೊದಲಿನ ಹೆಸರು ಕೆನ್ನೆಯ ಗುಳಿ. ತೋರುಬೆರಳನ್ನು ಕೆನ್ನೆಗೆ ಒತ್ತಿ ತಿರುಗಿಸಿದರೆ ಅವನು ಅಂತ ಅರ್ಥ. ಕಾಗದ ಕತ್ತರಿಸುವ ಮಷೀನಿಗೆ ಬ್ಲೇಡು ಬದಲಾಯಿಸುವಾಗ ಕಿರುಬೆರಳು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಗೆಳೆಯರು ಹೆಸರನ್ನೇ ಬದಲಾಯಿಸಿಬಿಟ್ಟಿದ್ದರು. ಬೆರಳು ಹೋದದ್ದಕ್ಕಿಂತ ಗುಳಿ ಹೋದದ್ದಕ್ಕೇ ಮಾವನಿಗೆ ಹೆಚ್ಚು ಬೇಜಾರು ಎಂದು ಅತ್ತೆ ಈಗಲೂ ಆಡಿಕೊಳ್ಳುತ್ತಾಳೆ.

ಮಾವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅತ್ತೆಗೂ ಅಷ್ಟೆ. ನಾನು ಮಾವನ ಅಕ್ಕನ ಮಗಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಬಾಯಿಮಾತು, ಕೈಮಾತು ಎರಡನ್ನೂ ನಾನು ಒಟ್ಟೊಟ್ಟಿಗೇ ಕಲಿತೆ. ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ, ಜೊತೆಗೆ ಮಾವ ಎಲ್ಲಿಗಾದರೂ ಹೋಗಬೇಕೆಂದರೆ ಅವನ ಬಾಯಿ ನಾನು. ಇಲ್ಲಿ ಮಾವನೂ ಅವನ ಬಳಗದವರೂ ಆಡುವ ಮಾತೆಲ್ಲ ಕೈಯಲ್ಲಿ ಆಡಿದ್ದು, ನಾನು ಅಕ್ಷರಕ್ಕೆ ತಂದಿದ್ದೇನೆ. ಕೈಯಲ್ಲಿ ಇದಕ್ಕಿಂತ ಚೆನ್ನಾಗಿತ್ತು.

ಮಾವ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಮೀಸೆ ಚಿಗುರುವಾಗ ಸೇರಿದವನು. ಮಷೀನು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎನ್ನುವುದು ಅವನಿಗೆ ಅಂಗಾಲಿನಿಂದ ತಿಳಿಯುತ್ತದೆ. ಬೆರಳು ಹೋದ ಮೇಲೂ ಅದೇ ಮಷೀನಿಗೆ ವಾಪಸ್ ಹೋದ. ಕೆಲಸಕ್ಕೆ ತೊಂದರೆಯಾಗಲಿಲ್ಲ, ತೊಂದರೆಯಾದದ್ದು ಮಾತಿಗೆ. ನಮ್ಮ ಕೈಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ಒಳ್ಳೆಯದು, ಕಿರುಬೆರಳು ಎತ್ತಿದರೆ ಕೆಟ್ಟದ್ದು. ಮಾವನ ಬಲಗೈಯಲ್ಲಿ ಕೆಟ್ಟದ್ದು ಹೇಳುವ ಬೆರಳೇ ಇಲ್ಲ. "ಇವನಿಗೆ ಇನ್ನು ಪ್ರಪಂಚದಲ್ಲಿ ಎಲ್ಲಾ ಒಳ್ಳೇದೇ," ಎಂದು ಗೆಳೆಯರು ನಕ್ಕರು. ಎಡಗೈ ಬಳಸಬಹುದಿತ್ತು. ಆದರೆ ಮಾವ ಬಲಗೈಯವನು. ಎಡಗೈಯಲ್ಲಿ ಮಾತಾಡುವುದೆಂದರೆ ಪಕ್ಕದ ಕೋಣೆಯಿಂದ ಕೂಗಿದ ಹಾಗೆ ಎಂದು ಅವನ ವಾದ. ಹಾಗಾಗಿ ಉಂಗುರದ ಬೆರಳನ್ನು ಎತ್ತಲು ಶುರುಮಾಡಿದ. ಆ ಬೆರಳು ಒಂಟಿಯಾಗಿ ಏಳುವ ಜಾತಿಯದಲ್ಲ, ನೀವೇ ಎತ್ತಿ ನೋಡಿ. ಅದನ್ನು ಎಬ್ಬಿಸಲು ಭುಜ, ಹುಬ್ಬು, ತುಟಿ ಎಲ್ಲ ಸಹಾಯಕ್ಕೆ ಬರಬೇಕು. ಒಂದು ಸಣ್ಣ 'ಕೆಟ್ಟದ್ದು' ಹೇಳಲು ಮಾವ ಭಾರದ ಪೆಟ್ಟಿಗೆ ಎತ್ತುವವನಂತೆ ಕಾಣುತ್ತಿದ್ದ. ಬಳಗದವರು ಅದನ್ನು ತೊದಲು ಎಂದು ಕರೆದರು.

ಒಂದು ಭಾನುವಾರ ಬೆಳಗ್ಗೆ ಸೀಮೆಸುಣ್ಣ ಟೀಚರ್ ಮನೆಗೆ ಬಂದರು. ಎರಡು ಬೆರಳ ತುದಿಯನ್ನು ಸೀಮೆಸುಣ್ಣದ ಪುಡಿ ಉದುರಿಸುವಂತೆ ಉಜ್ಜಿದರೆ ಅವರ ಹೆಸರು. ಅವರೂ ಕಿವಿ ಕೇಳಿಸದವರೇ. ಮಾವನ ಜೊತೆಯಲ್ಲೇ ಓದಿ, ಅದೇ ಶಾಲೆಯಲ್ಲಿ ಟೀಚರ್ ಆದವರು. ಕೈಮಾತಿನಲ್ಲಿ ಒಂದು ಬೆರಳು ಅತ್ತಿತ್ತ ಸರಿದರೂ ಸಹಿಸುವುದಿಲ್ಲ. ಕುರ್ಚಿಯಲ್ಲಿ ಕೂತವರೇ, "ನಿನ್ನ ತೊದಲು ಬೇಕಾಗಿದೆ," ಎಂದರು.

"ಯಾರಿಗೆ?" ಎಂದ ಮಾವ.

"ಸಿನಿಮಾದವರಿಗೆ."

"ಇವರನ್ನ ಸಿನಿಮಾಕ್ಕಾ?" ಎಂದಳು ಅತ್ತೆ, ಬಾಗಿಲಲ್ಲಿ ನಿಂತು. "ಹಾಗಾದ್ರೆ ಮೊದಲು ಆ ಗಡ್ಡ ಕೆರಕೊಳ್ಳೋಕೆ ಹೇಳಿ."

ಟೀಚರ್ ವಿಷಯ ಬಿಡಿಸಿ ಹೇಳಿದರು. ನಮ್ಮ ಕಡೆ ಮಕ್ಕಳೆಲ್ಲ ಓದಿಕೊಂಡು ಬಂದ ಹಳೆಯ ಕತೆಯೊಂದಿದೆ. ನಿದ್ದೆ ಕಳೆದುಕೊಂಡ ಊರು, ಆ ಊರಿಗೆ ನಿದ್ದೆ ತರಲು ಮಂಜಿನ ಹೊಳೆ ದಾಟಿ ಹೋಗುವ ಹುಡುಗಿ, ಅವಳನ್ನು ದಾಟಿಸುವ ಮಾತು ಬಾರದ ಅಂಬಿಗ. ಪುಸ್ತಕದಲ್ಲಿ ಊರವರೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದಂತಿರುತ್ತಾರೆ, ಅದೇ ಬಿಳಿ ಮುಖ, ಅದೇ ಚೂಪು ಮೂಗು. ಅಂಬಿಗನೊಬ್ಬನೇ ಬೇರೆ: ಬಾಯಿ ಬಿಟ್ಟುಕೊಂಡು, ನಾಲಿಗೆ ಹೊರಹಾಕಿ ನಿಂತಿರುತ್ತಾನೆ. ಎಲ್ಲರೂ ಅವನನ್ನು ಅಣಕಿಸುತ್ತಾರೆ. ಕೊನೆಗೆ ಆಚೆ ದಡದ ರಾಣಿ ಬಹುಮಾನವಾಗಿ ಅವನಿಗೆ ಮಾತು ಕೊಡುತ್ತಾಳೆ.

"ನಮ್ಮ ಶಾಲೆ ಪುಸ್ತಕದಲ್ಲಿ ಯಾರೋ ಪೆನ್ಸಿಲಲ್ಲಿ ಅವನ ಬಾಯಿ ಮುಚ್ಚಿದ್ರು, ನೆನಪಿದ್ಯಾ?" ಎಂದ ಮಾವ.

"ನಾನೇ," ಎಂದರು ಟೀಚರ್.

ಆ ಕತೆಯನ್ನು ಈಗ ಅನಿಮೇಷನ್ ಮಾಡುತ್ತಿದ್ದರು. ಊರು ಅಂದ ಮೇಲೆ ಎಲ್ಲ ಥರದವರೂ ಇರಬೇಕೆಂದು ನಿರ್ದೇಶಕಿ ಹಟ ಹಿಡಿದಿದ್ದರು. ಹುಡುಗಿಗೆ ಕಪ್ಪು ಬಣ್ಣ, ಸುರುಳಿ ಕೂದಲು ಕೊಟ್ಟಿದ್ದರು. ಅಂಬಿಗ ಪೆದ್ದನಲ್ಲ, ಕೈಯಲ್ಲಿ ಮಾತಾಡುವವನು. ಅವನ ಮಾತು ಸರಿಯಿರಲಿ ಎಂದು ಟೀಚರನ್ನು ಕರೆಸಿದ್ದರು. ಟೀಚರ್ ಕ್ಯಾಮೆರಾದ ಮುಂದೆ ನಿಂತು ಅಂಬಿಗನ ಮಾತನ್ನೆಲ್ಲ ಆಡಿ ತೋರಿಸಿದರು, ಕಲಾವಿದರು ಅದನ್ನು ನೋಡಿಕೊಂಡು ಚಿತ್ರ ಬರೆದರು. ಬರೆದದ್ದನ್ನು ತೋರಿಸಿದಾಗ ಟೀಚರಿಗೆ ತಲೆಬುಡ ಅರ್ಥವಾಗಲಿಲ್ಲ.

"ಯಾಕೆ?" ಎಂದ ಮಾವ, ಮುಂದಕ್ಕೆ ಜರುಗಿ.

"ಕಾರ್ಟೂನಿನವರಿಗೆ ನಾಲ್ಕೇ ಬೆರಳು. ಗಮನಿಸಿಲ್ವಾ? ಐದು ಬೆರಳಿನ ಮಾತನ್ನ ನಾಲ್ಕರೊಳಗೆ ತುರುಕಿದಾರೆ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಒಂದೂ ತಿಳಿಯಲ್ಲ."

"ಐದು ಬರೀರಿ ಅನ್ನೋದಲ್ವಾ?"

"ಅಂದೆ. ಊರವರಿಗೆಲ್ಲ ಆಗ್ಲೇ ನಾಲ್ಕು ಬರೆದಾಗಿದೆ. ಅಂಬಿಗನೊಬ್ಬನಿಗೆ ಐದು ಕೊಟ್ರೆ ಮತ್ತೆ ಅವನೇ ವಿಚಿತ್ರದವನು ಆಗ್ತಾನೆ. ಅದೂ ನಿಜ. ಅದಕ್ಕೇ ನಿನ್ನ ಹತ್ರ ಬಂದಿದೀನಿ."

ಮಾವ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಯಾರದೋ ಮನೆಯಿಂದ ಕಡ ತಂದ ವಸ್ತುವನ್ನು ನೋಡುವಂತಿತ್ತು.

ಶನಿವಾರ ನಾನೂ ಮಾವನೂ ಸ್ಟುಡಿಯೋಗೆ ಹೋದೆವು. ಅದೊಂದು ಹಳೆಯ ಗೋಡೌನಿನ ಮೇಲ್ಮಹಡಿ. ಕಿಟಕಿಗಳಿಗೆ ದಪ್ಪ ಪರದೆ, ಸಾಲು ಮೇಜುಗಳು, ಮೇಜಿಗೊಂದು ದೊಡ್ಡ ಪರದೆಯ ಕಂಪ್ಯೂಟರು, ಅದರ ಪಕ್ಕದಲ್ಲೊಂದು ಪುಟ್ಟ ಕನ್ನಡಿ. ಕೂತವರೆಲ್ಲ ಆಗಾಗ ಕನ್ನಡಿ ನೋಡಿ ಮುಖ ಕಿವುಚುತ್ತಿದ್ದರು. ಒಬ್ಬಳು ಹುಬ್ಬು ಕುಣಿಸಿದಳು, ಇನ್ನೊಬ್ಬ ಕೆನ್ನೆ ಊದಿಸಿ ಕಣ್ಣು ಅಗಲಿಸಿದ.

"ಇವರೆಲ್ಲ ಕೈಭಾಷೆ ಕಲೀತಿದಾರಾ?" ಎಂದು ಮಾವ ಕೇಳಿದ. ಅವನಿಗೆ ಮುಖವೂ ಮಾತಿನ ಭಾಗವೇ.

ನಾನು ಅದನ್ನು ಬಾಯಲ್ಲಿ ಕೇಳಿದೆ. ಗಡ್ಡದ ಕಲಾವಿದರೊಬ್ಬರು ನಕ್ಕು, "ಇಲ್ಲ ಸರ್, ಪಾತ್ರದ ಮುಖಾನ ನಮ್ಮ ಮುಖದಲ್ಲಿ ಹುಡುಕ್ತಿದೀವಿ," ಎಂದರು. ಅಂಬಿಗನನ್ನು ಬರೆಯುತ್ತಿದ್ದವರು ಅವರೇ. ಮಾವ ಅವರ ಕನ್ನಡಿಯಲ್ಲಿ ಇಣುಕಿ ತಾನೂ ಒಂದು ಮುಖ ಮಾಡಿ ನೋಡಿದ.

ಗೋಡೆಯ ಉದ್ದಕ್ಕೂ ಊರವರ ಚಿತ್ರಗಳಿದ್ದವು. ಗಾಲಿಕುರ್ಚಿಯ ಅಜ್ಜಿ, ಕಪ್ಪು ಕಮ್ಮಾರ, ಕಂದು ಚರ್ಮದ ಅವಳಿ ಮಕ್ಕಳು, ಕೆಂಪು ಕೂದಲಿನ ಸೂಲಗಿತ್ತಿ. ಮಾವ ಯಾರ ಮುಖವನ್ನೂ ನೋಡಲಿಲ್ಲ. ಒಂದೊಂದೇ ಕೈಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನೋಡುತ್ತ ಗೋಡೆಯ ಆ ತುದಿಯವರೆಗೆ ನಡೆದ. ವಾಪಸ್ ಬಂದು ನಿರ್ದೇಶಕಿಯನ್ನು ಕೇಳಿದ, "ಇವರಿಗೆ ಯಾವ ಬೆರಳು ಹೋಗಿದೆ?"

ಕೈಭಾಷೆಯಲ್ಲಿ ನೀನು, ನೀವು ಎರಡಕ್ಕೂ ಅದೇ ತೋರುಬೆರಳು. ನಾನು ಬಾಯಿಗೆ ತರುವಾಗ ನನ್ನ ಲೆಕ್ಕದಲ್ಲಿ ಮರ್ಯಾದೆ ಸೇರಿಸಿ, "ಮೇಡಂ, ಇವರೆಲ್ಲರಿಗೂ ಯಾವ ಬೆರಳು ಇಲ್ಲ ಅಂತ ಕೇಳ್ತಿದಾರೆ," ಎಂದೆ.

"ಕಿರುಬೆರಳು ಅಲ್ವಾ?" ಎಂದರು ಒಬ್ಬರು.

"ನಾನು ಇಷ್ಟು ದಿನ ನಡುಬೆರಳು ಅಂದ್ಕೊಂಡೇ ಬರೆದಿದ್ದು," ಎಂದರು ಗಡ್ಡದವರು.

"ಯಾವುದೂ ಹೋಗಿಲ್ಲ," ಎಂದರು ನಿರ್ದೇಶಕಿ. "ಐದು ಬರೆದ್ರೆ ಕೈ ಬಾಳೆಹಣ್ಣಿನ ಚಿಪ್ಪಿನ ಥರ ಕಾಣುತ್ತೆ, ಅದಕ್ಕೆ ಮೊದಲಿಂದ ಹೀಗೆ ಬರೀತಾರೆ. ಆ ಊರಲ್ಲಿ ಹುಟ್ಟೋದೇ ನಾಲ್ಕು ಬೆರಳಿನವರು ಅಂತಿಟ್ಕೊಳ್ಳಿ."

"ಹಾಗಾದ್ರೆ ಐದು ಅನ್ನೋದನ್ನ ಹೇಗೆ ತೋರಿಸ್ತಾರೆ?" ಎಂದ ಮಾವ.

ಅದು ತಮಾಷೆಯ ಪ್ರಶ್ನೆಯೆಂದು ಶುರುವಾದದ್ದು ಚಹಾ ಬಂದು, ಆರಿ, ಮತ್ತೊಮ್ಮೆ ಬರುವವರೆಗೂ ನಡೆಯಿತು. ಕತೆಯಲ್ಲಿ ಐವರು ಮುದುಕರು ದೋಣಿ ಹತ್ತುವ ದೃಶ್ಯವಿತ್ತು. ಮಾವ ತನ್ನ ಪ್ರೆಸ್ಸಿನ ಸಂಗತಿ ಹೇಳಿದ. ಅವನು ಬಲಗೈ ಪೂರ್ತಿ ಬಿಡಿಸಿ ತೋರಿಸಿದರೆ ಹಳಬರಿಗೆ ಐದು ಎಂದೇ ಅರ್ಥ. ಹೊಸದಾಗಿ ಬಂದ ಗುಮಾಸ್ತನೊಬ್ಬ ಎಣಿಸಿ ನೋಡಿ ನಾಲ್ಕೇ ಕಟ್ಟು ಕಳಿಸಿದ್ದ. "ಅವನ ತಪ್ಪೇನಿಲ್ಲ," ಎಂದ ಮಾವ, "ಅವನು ಬೆರಳು ನೋಡಿದ, ಉಳಿದವರು ಕೈ ನೋಡ್ತಾರೆ." ಕಲಾವಿದರು ಅದನ್ನೇ ದೃಶ್ಯಕ್ಕೆ ಹಾಕಿಕೊಂಡರು. ಅಂಬಿಗ ಕೈ ಬಿಡಿಸಿ ತೋರಿಸುತ್ತಾನೆ, ನಾಲ್ವರು ಹತ್ತುತ್ತಾರೆ, ಐದನೆಯವನು ದಡದಲ್ಲಿ ನಿಂತು ತನ್ನ ಬೆರಳನ್ನೇ ಮತ್ತೆ ಮತ್ತೆ ಎಣಿಸಿಕೊಳ್ಳುತ್ತಾನೆ.

ಆಮೇಲೆ ಶನಿವಾರ ಬಂತೆಂದರೆ ಸ್ಟುಡಿಯೋ. ಮಾವನ ಎಡಗೈಯ ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿದರು. ಎರಡೂ ಕೈಗೆ ನಾಲ್ಕೇ ಆದಾಗ ಮಾವ ಮೊದಮೊದಲು ತಡವರಿಸಿದ. ಬಲಗೈ ಅಷ್ಟು ವರ್ಷದಲ್ಲಿ ಕಲಿತದ್ದು ಎಡಗೈಗೆ ಗೊತ್ತಿರಲಿಲ್ಲ. ಅವನು ಟೇಪು ಬಿಚ್ಚದೆ ಮನೆಗೆ ಬಂದು, ಊಟದ ಹೊತ್ತಿನಲ್ಲೂ ಅದರಲ್ಲೇ ಮಾತಾಡಿ ಅಭ್ಯಾಸ ಮಾಡಿದ. ಅತ್ತೆಗೆ ಇದರಿಂದ ಒಂದು ಅನುಕೂಲವಾಯಿತು. ಅವನು ನೀರು ಕೇಳಿದರೆ, "ನೀವು ಏನ್ ಹೇಳ್ತಿದೀರೋ ಅರ್ಥ ಆಗ್ತಿಲ್ಲ," ಎಂದು ಕೂತಲ್ಲೇ ಕೂತಿರುತ್ತಿದ್ದಳು.

ಗಡ್ಡದವರು ಪ್ರೆಸ್ಸಿಗೂ ಬಂದರು. ಮಾವ ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಕೂಡಿಸುವುದನ್ನು ಮೂಲೆಯ ಸ್ಟೂಲಿನ ಮೇಲೆ ಕೂತು ಬರೆದುಕೊಂಡರು. ಉಂಗುರದ ಬೆರಳಿನ 'ಕೆಟ್ಟದ್ದು' ಅವರಿಗೆ ಬಹಳ ಹಿಡಿಸಿತ್ತು. ತಾವೂ ಕನ್ನಡಿಯ ಮುಂದೆ ಎತ್ತಿ ಎತ್ತಿ ಕೈ ನೋವು ಮಾಡಿಕೊಂಡಿದ್ದರು. "ಸರ್, ಬೇರೆಯವರು ಬೆರಳಲ್ಲಿ ಹೇಳಿ ಮುಗಿಸ್ತಾರೆ. ನೀವು ಅದಕ್ಕೆ ಇಡೀ ಮೈ ತರ್ತೀರಿ," ಎಂದರು. ಮಾವ ಇದು ಹೊಗಳಿಕೆಯೋ ದೂರೋ ತಿಳಿಯದೆ ನನ್ನ ಮುಖ ನೋಡಿದ. ನನಗೂ ತಿಳಿಯಲಿಲ್ಲ.

ಜಗಳವಾದದ್ದು ರಾಣಿಯ ದೃಶ್ಯದಲ್ಲಿ.

ರಾಣಿ ಮಾತು ಕೊಡಲು ಬಂದಾಗ ಅಂಬಿಗ ಖಡಾಖಂಡಿತವಾಗಿ ಬೇಡ ಎನ್ನಬೇಕೆಂದು ಟೀಚರ್ ಹೇಳಿದ್ದರು. ನಿರ್ದೇಶಕಿಗೂ ಅದು ಒಪ್ಪಿಗೆ. ಮಾವ ಕ್ಯಾಮೆರಾದ ಮುಂದೆ ನಿಂತವನು ಕೈ ಇಳಿಬಿಟ್ಟ. "ಬೇಡ ಅಂತ ಯಾಕನ್ಬೇಕು? ನಾನಾಗಿದ್ರೆ ಹೇಗಿರುತ್ತೆ ನೋಡೋಣ ಅಂತ ಒಂದು ದಿನ ಇಟ್ಕೊಳ್ತಿದ್ದೆ."

ಟೀಚರ್ ಎದ್ದು ನಿಂತರು. "ಮಾತು ಬರೋವರೆಗೂ ನಾವು ಪೂರ್ತಿ ಮನುಷ್ಯರಲ್ಲ ಅಂತ ಹೇಳೋ ಕತೆ ಇದು. ಅದನ್ನ ತಿದ್ದೋಕೆ ಅಂತ ನಾನಿಲ್ಲಿ ಬಂದಿದೀನಿ. ನೀನು ಬಂದು ಇಟ್ಕೊಳ್ತೀನಿ ಅಂತೀಯಾ? ಕೈಯಲ್ಲಿ ಮಾತಾಡಿದ್ದಕ್ಕೆ ಸ್ಕೂಲಲ್ಲಿ ನಮ್ಮ ಕೈಗೆ ಹೊಡೀತಿದ್ದಿದ್ದು ಮರೆತುಹೋಯ್ತಾ?"

"ಮರೆತಿಲ್ಲ. ನಿಂಗೂ ಹೊಡೆದ್ರು, ನಂಗೂ ಹೊಡೆದ್ರು. ಆದ್ರೆ ಈ ರಾಣಿ ಹೊಡೀತಿಲ್ವಲ್ಲ, ಕೇಳ್ತಿದಾಳೆ."

ಇಬ್ಬರ ಕೈಗಳೂ ಎಷ್ಟು ವೇಗವಾಗಿ ಓಡುತ್ತಿದ್ದವೆಂದರೆ ನನಗೆ ಬಾಯಿಗೆ ತರಲು ಉಸಿರು ಸಾಲುತ್ತಿರಲಿಲ್ಲ. ಕೋಣೆಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನಿರ್ದೇಶಕಿ ಇಬ್ಬರನ್ನೂ ಕೂರಿಸಿ, "ಈಗ ನಾನು ಯಾರ ಮಾತು ಕೇಳ್ಲಿ?" ಎಂದು ನನ್ನನ್ನು ಕೇಳಿದರು. ನಾನು ಬರೀ ಬಾಯಿ, ಆ ಪ್ರಶ್ನೆಯನ್ನೇ ಕೈಮಾತಿಗೆ ತಿರುಗಿಸಿ ಇಬ್ಬರಿಗೂ ದಾಟಿಸಿದೆ.

ಮಾವ ಆಮೇಲೆ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಎತ್ತಿಕೊಂಡ. ಅದನ್ನು ರಾಣಿ ಕೊಟ್ಟ ಮಾತು ಎಂದುಕೊಂಡ. ಬೆಳಕಿಗೆ ಹಿಡಿದು ಒಳಗೇನಿದೆ ಎಂದು ನೋಡಿದ, ಮೂಸಿದ, ಅಲ್ಲಾಡಿಸಿದ, ಅಂಗೈಯಲ್ಲಿಟ್ಟು ತೂಗಿದ. ಗಂಟಲಿಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು, ಸೀರೆ ಅಂಗಡಿಯಲ್ಲಿ ಒಂದು ಸೀರೆ ಪಕ್ಕಕ್ಕಿಟ್ಟು ಇನ್ನೊಂದು ಕೇಳುವವರ ಹಾಗೆ ಅದನ್ನು ನಿರ್ದೇಶಕಿಯ ಕೈಗಿಟ್ಟು, "ಚೆನ್ನಾಗಿದೆ. ದೋಣಿಗೊಂದು ಹೊಸ ಹುಟ್ಟು ಇದ್ರೆ ಕೊಡಿ, ನಂದು ಸವೆದುಹೋಗಿದೆ," ಎಂದ.

ಗಡ್ಡದವರು ಕ್ಯಾಮೆರಾ ಆನ್ ಇತ್ತಾ ಎಂದು ಗಾಬರಿಯಲ್ಲಿ ನೋಡಿಕೊಂಡರು. ಆನ್ ಇತ್ತು. ಟೀಚರ್ ಮಾತ್ರ ಒಪ್ಪಲಿಲ್ಲ. "ಬೇಡ ಅನ್ನೋದನ್ನ ಬೇಡ ಅಂತಲೇ ಹೇಳ್ಬೇಕು," ಎಂದು ಹೇಳಿ ಬ್ಯಾಗು ಹೆಗಲಿಗೇರಿಸಿ ಹೊರಟರು. ಆದರೆ ಮುಂದಿನ ಶನಿವಾರ ಎಂದಿನಂತೆ ಬಂದರು.

ಸಿನಿಮಾ ಮುಗಿಯಲು ಬಹಳ ಸಮಯ ಹಿಡಿಯಿತು. ಬಿಡುಗಡೆಗೆ ಮೊದಲು ಟೀಚರ ಶಾಲೆಯ ಮಕ್ಕಳಿಗೂ ನಮ್ಮ ಬಳಗದವರಿಗೂ ಒಂದು ಪ್ರದರ್ಶನ ಇಟ್ಟರು. ಮಂಜಿನೊಳಗಿಂದ ದೋಣಿ ಬಂತು. ಅಂಬಿಗ ಪ್ರೆಸ್ಸಿನಲ್ಲಿ ಮಾವ ಕಾಗದದ ಕಟ್ಟು ಕುಟ್ಟುವ ಹಾಗೆ ದೋಣಿಯ ಅಂಚನ್ನು ಎರಡು ಸಲ ಕುಟ್ಟಿ, ಹುಡುಗಿಯ ಕಡೆ ತಿರುಗಿ, "ಹವಾ ಕೆಟ್ಟದಾಗಿದೆ," ಎಂದ. ಉಂಗುರದ ಬೆರಳು, ಭುಜ, ಹುಬ್ಬು ಎಲ್ಲ ಒಟ್ಟಿಗೇ ಎದ್ದವು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಮಾವನ ಗೆಳೆಯರೆಲ್ಲ ಅವನ ಕಡೆ ತಿರುಗಿ, ಕೈ ಎತ್ತಿ ಕಿರುಬೆರಳು ಮಡಚಿದರು.

ಮಾವ ಅದನ್ನು ನೋಡಲೇ ಇಲ್ಲ, ಅವನ ಕಣ್ಣು ಪರದೆಯ ಮೇಲೇ ಇತ್ತು. ಅತ್ತೆಯನ್ನು ಮೊಣಕೈಯಿಂದ ತಿವಿದು, "ನಾನು ಹೀಗಾ ಭುಜ ಎತ್ತೋದು?" ಎಂದು ಕೇಳಿದ.

"ಇನ್ನೂ ಜಾಸ್ತಿ," ಎಂದಳು ಅತ್ತೆ. "ಇವನು ಸ್ವಲ್ಪ ಸಭ್ಯಸ್ಥ."

ಮಕ್ಕಳಿಗೆ ಅಂಬಿಗನ ಮಾತು ಅರ್ಥವಾಯಿತು. ಆದರೆ ಅವನು ಬೇರೆ ಊರಿನವನಿರಬೇಕು ಎಂದುಕೊಂಡರು. "ಅವರ ಊರಲ್ಲಿ ಹೀಗೆ ಮಾತಾಡ್ತಾರಾ?" ಎಂದು ಒಬ್ಬಳು ಟೀಚರನ್ನು ಕೇಳಿದಳು. ರಾಣಿಯ ದೃಶ್ಯ ಬಂದಾಗ ನಾನು ಪರದೆ ಬಿಟ್ಟು ಟೀಚರನ್ನೇ ನೋಡುತ್ತಿದ್ದೆ. ಅಂಬಿಗ ಹೊಸ ಹುಟ್ಟು ಕೇಳಿದ ಗಳಿಗೆಯಲ್ಲಿ ಅವರು ನಕ್ಕರು. ಆಮೇಲೆ ಯಾರಾದರೂ ನೋಡಿದರೇನೋ ಎಂಬಂತೆ ಕನ್ನಡಕ ಸರಿಮಾಡಿಕೊಂಡರು.

ಎಲ್ಲರಿಗೂ ಸಂತೋಷವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಕ್ಕಳು ತರಗತಿಯಲ್ಲಿ ಬೇಕೆಂದೇ ಕಿರುಬೆರಳು ಮಡಚಿ ಮಾತಾಡತೊಡಗಿದರು, ಟೀಚರ್ ದೂರು ಹೊತ್ತು ಮತ್ತೆ ಮನೆಗೆ ಬಂದರು. ಬಳಗದ ಹಿರಿಯರೊಬ್ಬರು ಮಾವನನ್ನು ಬಸ್ ಸ್ಟಾಪಿನಲ್ಲಿ ತಡೆದು, "ನಮ್ಮ ಭಾಷೆ ಸಿನಿಮಾದಲ್ಲಿ ಬಂದಿದ್ದೇ ಮೊದಲ ಸಲ, ಅದೂ ಅರ್ಧಂಬರ್ಧ ಬಂತಲ್ಲ. ಕಿವಿ ಇರೋರು ನಾವೆಲ್ಲ ಹೀಗೇ ಮಾತಾಡೋದು ಅಂದ್ಕೊಳ್ತಾರೆ," ಎಂದರು. ಮಾವ ಮನೆಗೆ ಬಂದು ಅದನ್ನು ನಮಗೆ ಹೇಳಿ, "ಅವರು ಹೇಳೋದೂ ಸರಿ ಅನ್ಸುತ್ತೆ," ಎಂದ. "ಒಬ್ಬನೇ ಅಂಬಿಗ ಇದ್ದಿದ್ದು ತಪ್ಪಾಯ್ತು. ಇನ್ನೊಂದು ದೋಣಿ, ಇನ್ನೊಬ್ಬ ಅಂಬಿಗ ಇರಬೇಕಿತ್ತು. ಇಬ್ಬರೂ ಜಗಳ ಆಡ್ಬೇಕಿತ್ತು."

ಸಿನಿಮಾ ಊರೂರಿಗೆ ಹೋಯಿತು. ಸ್ವಲ್ಪ ದಿನದ ಮೇಲೆ, ನಾನು ಮಾವನ ಮನೆಯಲ್ಲಿದ್ದ ಒಂದು ರಜಾ ದಿನ, ಬಾಗಿಲ ದೀಪ ಮಿನುಗಿತು. ಅವರ ಮನೆಯಲ್ಲಿ ಗಂಟೆಯ ಬದಲು ದೀಪ. ಬಾಗಿಲಲ್ಲಿ ಒಬ್ಬರು ಅಪರಿಚಿತರು ನಿಂತಿದ್ದರು, ಮಾವನಿಗಿಂತ ವಯಸ್ಸಾದವರು. ಸಿನಿಮಾ ನೋಡಿ ಬೇರೆ ಊರಿನಿಂದ ಟೀಚರ ಶಾಲೆಗೆ ಹೋಗಿ, ಅಲ್ಲಿ ವಿಳಾಸ ಕೇಳಿ ಬಂದಿದ್ದರಂತೆ. ಬಲಗೈಯಲ್ಲಿ ಅವರಿಗೆ ಹೆಬ್ಬೆರಳು, ತೋರುಬೆರಳು ಎರಡೇ ಉಳಿದಿದ್ದವು. ಕಬ್ಬಿಣ ಕಡೆಯುವ ಲೇತ್ ಮಷೀನಿನಲ್ಲಿ ಮಿಕ್ಕ ಮೂರೂ ಹೋಗಿದ್ದವು ಎನ್ನುವುದು ಆಮೇಲೆ ತಿಳಿಯಿತು. ಅವರಿಗೂ ಕಿವಿ ಕೇಳಿಸದು.

ಅವರು ಮಾತಾಡಲು ಶುರುಮಾಡಿದರು. ಎರಡು ಬೆರಳು ಗಾಳಿಯಲ್ಲಿ ಬಾಗಿ, ಕೂಡಿ, ಬಿಡಿಸಿಕೊಂಡು, ಮಣಿಕಟ್ಟಿನಿಂದ ತಿರುಗಿ ಏನೇನೋ ಹೇಳಿದವು. ಮಾವ ಕಣ್ಣು ಕಿರಿದು ಮಾಡಿ ನೋಡಿದ. ನನ್ನ ಕಡೆ ತಿರುಗಿದ.

"ನಿಂಗೇನಾದ್ರೂ ತಿಳೀತಾ?"

"ಇಲ್ಲ ಮಾವ."

ಇನ್ನೊಬ್ಬ ಅಂಬಿಗ ಸಿಕ್ಕನೆಂಬಂತೆ ಮಾವನ ಮುಖ ಅರಳಿತು. ಆ ಕಲಾವಿದರ ಕನ್ನಡಿಯಲ್ಲಿ ಇಣುಕಿದಾಗಲೂ ಅವನ ಮುಖ ಇಷ್ಟು ಅರಳಿರಲಿಲ್ಲ. ಬಂದವರ ಕೈ ಹಿಡಿದು ಒಳಗೆ ಕರೆದು, ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಪಕ್ಕ ಕೂರಿಸಿ, ತಾನು ಎದುರಿಗೆ ಸ್ಟೂಲು ಎಳೆದುಕೊಂಡ. ಅತ್ತೆಗೆ ಚಹಾ ಇಡಲು ಸನ್ನೆ ಮಾಡಿದ. ಎರಡೂ ಮೊಣಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ, "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ. ನಂಗೇನೂ ಅವಸರ ಇಲ್ಲ," ಎಂದ.